ಕರಿಜೀರಿಗೆಯೆಂಬ ಹೆಸರಿನ ಮೂರು ಪದಾರ್ಥಗಳು

ಅಡಿಗೆಮನೆಯಲ್ಲಿ ದಿನವೂ ಕೈಗೆ ಸಿಕ್ಕುವ ಜೀರಿಗೆಯ ವಿಷಯವಾಗಿ ಕೇಳತಕ್ಕದ್ದೇನಿದೆ ಎಂದು ಶ್ರೋತೃಗಳಲ್ಲಿ ಕೆಲವರಿಗೆ ತೋರಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಕೆಲವು ವರ್ಷಗಳ ಹಿಂದೆ, ಬಾಣಂತಿಯ ಲೇಹ್ಯಕ್ಕೆಂದು ಮನೆಯವರು ಬರೆದುಕೊಟ್ಟ ಪಟ್ಟಿಯನ್ನು ಹಿಡಿದು ಗ್ರಂಧಿಗೆ ಅಂಗಡಿಗೆ ಹೋಗಿ, ಕರಿಜೀರಿಗೆಯನ್ನು ಕೇಳಿ, ಕೊಟ್ಟುದನ್ನು ತಂದೆನು. ಕುಟ್ಟುವುದಕ್ಕೆ ಮುಂಚೆ ನಮ್ಮ ಅತ್ತೆಯವರು ಒಂದು ಕಾಳನ್ನು ನಾಲಗೆಯ ಮೇಲಿಟ್ಟುಕೊಂಡು ಒಡನೆಯೇ ಉಗುಳಿದರು. ನಾನು ತಂದದ್ದು ಕಾಡುಜೀರಿಗೆ. ಅದು ಹೊಟ್ಟೆಯ ಹುಳುಗಳಿಗೆ ಹಿಂದಿನವರು ಕೊಡುತ್ತಿದ್ದ ಮದ್ದು. ವೈದ್ಯರ ಮಾತಿಲ್ಲದೆ ಬಾಣಂತಿಗೆ ತಿನ್ನಿಸತಕ್ಕ ಪದಾರ್ಥವಲ್ಲ.

ಅಂಗಡಿಯವರನ್ನು ದೂರಿ ಫಲವಿಲ್ಲ, ತೊಡಕೆಲ್ಲ ಹೆಸರಿನಲ್ಲಿದೆ. ಹಿಂದಿಯವರು ಕಾಲಾ ಜೀರಾ ಎನ್ನುವುದು ಸಾಮಾನ್ಯವಾಗಿ ಕಾಶ್ಮೀರವೇ ಮೊದಲಾದ ಶೀತಪ್ರದೇಶಗಳ ಷಾಜೀರಿಗೆಯನ್ನು. ಬಂಗಾಳಿಗಳು ಕಾಲೋ ಜೀರೆ ಎನ್ನುವುದು ನಮ್ಮಲ್ಲಿ ಕರಿಜೀರಿಗೆಯೆಂದು ಕರೆಯುವ ಇನ್ನೊಂದು ಕಾಳನ್ನು. ಕಾಡುಜೀರಿಗೆಗೋ ಹಿಂದಿಯಲ್ಲಿ ಕಾಲೀ ಜೀರಿ ಎಂದು ಹೆಸರು. ಒಂದು ಪ್ರಾಂತದ ಪಾಕವನ್ನು ಇನ್ನೊಂದು ಪ್ರಾಂತದವರು ಮಾಡಹೊರಟರೆ ಏನಾದೀತೆಂಬುದನ್ನು ನೀವೇ ಊಹಿಸಬಹುದು.

ಆದುದರಿಂದ ಹೆಸರನ್ನು ಬಿಟ್ಟು ಕಾಳನ್ನೇ ನೋಡೋಣ. ಜೀರಿಗೆ, ಷಾಜೀರಿಗೆ, ಸೋಂಪು, ಓಮ, ಸಬ್ಬಸಿಗೆ ಇವೆಲ್ಲವೂ ಕೊತ್ತಂಬರಿಯ ಕುಲಕ್ಕೆ ಸೇರಿದುವು. ಇವುಗಳ ಹೂಗೊಂಚಲು ಬಿಚ್ಚಿದ ಕೊಡೆಯಂತಿರುತ್ತದೆ. ನಾವು ಬೀಜವೆನ್ನುವುದು ವಾಸ್ತವವಾಗಿ ಒಣಗಿದ ಹಣ್ಣು. ಅದರ ಸಿಪ್ಪೆಯೊಳಗಿನ ಸೂಕ್ಷ್ಮವಾದ ನಾಳಗಳಲ್ಲಿ ಪರಿಮಳತೈಲವು ಅಡಗಿರುವುದರಿಂದ, ಉಜ್ಜಿದಲ್ಲದೆ ಕಾಳು ತನ್ನ ಗುಟ್ಟನ್ನು ಬಿಡುವುದಿಲ್ಲ. ಸಾಮಾನ್ಯ ಜೀರಿಗೆ ಹಳದಿ ಬೆರೆತ ಕಂದುಬಣ್ಣದ್ದು. ಷಾಜೀರಿಗೆ ಅದಕ್ಕಿಂತ ಸಣ್ಣದು, ಕಪ್ಪಗಿನದು, ಬಿದಿಗೆಯ ಚಂದ್ರನಂತೆ ತುಸು ಬಾಗಿದುದು. ಅದರ ವಾಸನೆಯೂ ನಯವಾದುದು. ಸಾರಿನ ಒಗ್ಗರಣೆಗೆ ಜೀರಿಗೆಯೇ ತಕ್ಕದ್ದು. ಕಾದ ತುಪ್ಪದಲ್ಲಿ ಅದರ ಕಟುತ್ವವು ಹದವಾಗುತ್ತದೆ. ಷಾಜೀರಿಗೆಯಾದರೋ ಬೇಗ ಸೀಯುವುದರಿಂದ ಅದನ್ನು ಪುಲಾವಿನಂತಹ ಅನ್ನಕ್ಕೆ ಮಿತವಾದ ಶಾಖದಲ್ಲಿ ಹಾಕಬೇಕು. ಅದನ್ನು ಸಾರಿಗೆ ಸುರಿಯುವುದು ದುಡ್ಡನ್ನು ಒಲೆಗೆ ಹಾಕಿದಂತೆಯೇ ಸರಿ.

ಇನ್ನು ನಮ್ಮ ಕರಿಜೀರಿಗೆ. ಇದು ಜೀರಿಗೆಯೇ ಅಲ್ಲ, ಆ ಕುಲದ್ದೂ ಅಲ್ಲ. ಕಾಯಿಯೊಳಗೆ ಬೆಳೆಯುವ ನಿಜವಾದ ಬೀಜ. ಉದ್ದವಾಗಿರದೆ ಮೂಲೆಮೂಲೆಯಾಗಿ, ಹೊಳಪಿಲ್ಲದೆ, ಇದ್ದಿಲಿನ ಸಣ್ಣ ಚೂರಿನಂತಿರುತ್ತದೆ. ಉತ್ತರದೇಶದ ನಾನ್ ರೊಟ್ಟಿಯ ಮೇಲೆ ಉದುರಿಸುವುದೂ, ಬಂಗಾಳಿಗಳ ಐದು ಕಾಳಿನ ಒಗ್ಗರಣೆಯಲ್ಲಿ ಸೇರುವುದೂ ಇದೇ. ಇದನ್ನು ಈರುಳ್ಳಿ ಬೀಜವೆಂದು ಕರೆಯುವವರುಂಟು. ಆ ಮಾತನ್ನು ನಂಬಿ ಬಿತ್ತನೆಯ ಈರುಳ್ಳಿ ಬೀಜವನ್ನು ಅಡಿಗೆಗೆ ತರಬಾರದು. ಬಿತ್ತನೆಬೀಜಕ್ಕೆ ವಿಷೌಷಧವನ್ನು ಸವರಿರುವುದುಂಟು.

ನನ್ನನ್ನು ಮೋಸಗೊಳಿಸಿದ ಕಾಡುಜೀರಿಗೆ ಸೇವಂತಿಗೆಯ ಕುಲದ್ದು. ಉದ್ದವಾಗಿ, ಕಪ್ಪಾಗಿ, ಗೆರೆಗೆರೆಯಾಗಿ ಇರುವುದರಿಂದ ಕಣ್ಣಿಗೆ ಜೀರಿಗೆಯಂತೆಯೇ ತೋರುತ್ತದೆ. ಅಂಗೈಯಲ್ಲಿ ಉಜ್ಜಿದರೆ ಜೀರಿಗೆಯ ಪರಿಮಳವಿಲ್ಲ. ನಾಲಗೆಗೆ ತಾಕಿದರೆ ಬಹಳ ಹೊತ್ತು ಹೋಗದ ಕಹಿ.

ಓಮ, ಸೋಂಪುಗಳಲ್ಲಿ ಇಷ್ಟು ಭಯವಿಲ್ಲ. ಓಮದ ಕಾಳು ಪುಟ್ಟದು, ಒರಟು. ಅದರಲ್ಲಿನ ಥೈಮಾಲ್ ಎಂಬ ದ್ರವ್ಯವು ಮೂಗಿಗೆ ಹತ್ತುವಷ್ಟು ತೀಕ್ಷ್ಣವಾದುದರಿಂದ ಬಜ್ಜಿಗೆ ಒಂದು ಚಿಟಿಕೆ ಸಾಕು. ಸೋಂಪು ದಪ್ಪ, ಹಸುರು, ಸಿಹಿ. ಸಬ್ಬಸಿಗೆಯ ಕಾಳು ಚಪ್ಪಟೆ, ಅಂಚು ತೆಳುವು.

ಅಂಗೈಯಲ್ಲಿ ಉಜ್ಜುವುದರಿಂದ ಇನ್ನೊಂದು ಲಾಭವೂ ಉಂಟು. ಹುಲ್ಲಿನ ಬೀಜಕ್ಕೆ ಇದ್ದಿಲ ಪುಡಿಯ ಬಣ್ಣ ಕೊಟ್ಟು ಜೀರಿಗೆಯಲ್ಲಿ ಬೆರೆಸುವ ವಂಚನೆ ಇದೆ. ಹಾಗೆ ಬೆರೆಸಿದ್ದರೆ ಕೈ ಕಪ್ಪಾಗುತ್ತದೆ. ಅಂಗಡಿಯಲ್ಲಿಯೇ ಉಜ್ಜಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ. ನಾನಂತೂ ಈಗ ಪಡುವುದಿಲ್ಲ.