ಚಳಿಗೆ ಬಾರದ ಪೀಡೆ ಬೇಸಿಗೆಗೆ ಬಂತು!

ಆಸ್ಟ್ರೇಲಿಯಾದ ಪಶ್ಚಿಮ ಅಂಚಿನ ಪರ್ತ್ ನಗರದಲ್ಲಿ ಜೂನ್ ಬಂತೆಂದರೆ ಚಳಿ, ಮಳೆ. ಅದರ ಬೆನ್ನಿಗೇ ಮಕ್ಕಳ ಆಸ್ಪತ್ರೆ ಭರ್ತಿ. ಎದೆ ಗೊರಗೊರ ಎನ್ನುವ ಎಳೆಗೂಸುಗಳು, ಹಾಲು ಕುಡಿಯಲೂ ಆಗದೆ ಏದುಸಿರು. ಮೂಲ, ಆರ್.ಎಸ್.ವಿ. ಎಂಬ ವೈರಾಣು. ಇದು ವರ್ಷವರ್ಷದ ಪಾಡು.

ಆದರೆ 2020ರ ಚಳಿಗಾಲದಲ್ಲಿ ಈ ಪೀಡೆಯ ಸುಳಿವೇ ಇಲ್ಲ! ಕೊರೋನಾಕ್ಕೆ ಹೆದರಿ ಏಪ್ರಿಲ್‌ನಲ್ಲೇ ರಾಜ್ಯದ ಗಡಿ ಬಂದ್ ಆಗಿತ್ತು. ಜನ ದೂರ ನಿಂತರು, ಕೈ ತೊಳೆದರು. ಮಕ್ಕಳಲ್ಲಿ ಆರ್.ಎಸ್.ವಿ. ಶೇಕಡಾ 98ರಷ್ಟು ಇಳಿಯಿತು. ಫ್ಲೂ ಶೇಕಡಾ 99ಕ್ಕೂ ಹೆಚ್ಚು. ವಿಚಿತ್ರವೆಂದರೆ, ಆ ಚಳಿಗಾಲದಲ್ಲಿ ಶಾಲೆಗಳು ತೆರೆದೇ ಇದ್ದವು.

ಎಲ್ಲ ವೈರಾಣುಗಳೂ ಹೀಗೆ ಮಣಿಯಲಿಲ್ಲ. ನೆಗಡಿ ತರುವ ರೈನೋವೈರಸ್ ಅನೇಕ ದೇಶಗಳಲ್ಲಿ ಜಗ್ಗದೆ ಕೂತಿತು. ಅದಕ್ಕೆ ಕೊಬ್ಬಿನ ಹೊದಿಕೆಯೇ ಇಲ್ಲ. ಸ್ಯಾನಿಟೈಸರಿಗೆ ಸುಲಭಕ್ಕೆ ಬಗ್ಗೋದಿಲ್ಲ.

ಹೋಯ್ತು ಪೀಡೆ ಅಂದುಕೊಂಡಿದ್ದವರಿಗೆ ಸೆಪ್ಟೆಂಬರ್ ಕೊನೆಗೆ ಆಘಾತ. ಅಲ್ಲಿಯ ವಸಂತದಲ್ಲಿ ತಲೆಯೆತ್ತಿದ ಆರ್.ಎಸ್.ವಿ. ಬೇಸಿಗೆಯ ಹೊತ್ತಿಗೆ ಎಂದಿನ ಚಳಿಗಾಲದ ಮಟ್ಟವನ್ನೂ ದಾಟಿತು. ರೋಗಿಗಳೂ ಬದಲಾಗಿದ್ದರು. ಹಿಂದೆಲ್ಲ ವರ್ಷದ ಆಸುಪಾಸಿನಲ್ಲೇ ಇರುತ್ತಿದ್ದ ಅವರ ಮಧ್ಯಕ ವಯಸ್ಸು ಒಂದೂವರೆ ವರ್ಷಕ್ಕೇರಿತು. ಒಂದು ಚಳಿಗಾಲ ಸೋಂಕು ತಾಗದೇ ಉಳಿದ ಮಕ್ಕಳೆಲ್ಲ ಒಟ್ಟಿಗೇ ಸಿಕ್ಕರಲ್ಲ! ಕ್ಯಾಲೆಂಡರ್ ನೋಡಿ ಹಾಸಿಗೆ ಸಿದ್ಧ ಮಾಡುವ ಆಸ್ಪತ್ರೆಯ ಲೆಕ್ಕ ಪೂರಾ ತಲೆಕೆಳಗು.

2024ರಲ್ಲಿ ಇದೇ ರಾಜ್ಯ ಕೂಸುಗಳಿಗೆ ನಿರ್ಸೆವಿಮ್ಯಾಬ್ ಎಂಬ ರಕ್ಷಣೆಯ ಚುಚ್ಚುಮದ್ದನ್ನು ಪುಕ್ಕಟೆ ಹಾಕಿಸಿತು. ದೇಶದಲ್ಲೇ ಮೊದಲು.