ಜೇಡನ ಗುರುತು

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ತೋಟ, ಕಾಡುಗಳಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಮರದಿಂದ ಮರಕ್ಕೆ ಹಬ್ಬಿದ ಹೊಂಬಣ್ಣದ ಬಲೆಗಳು ಕಾಣುತ್ತವೆ. ನಡುವೆ ಕುಳಿತ ಹೆಣ್ಣು ಜೇಡದ ಒಡಲು ಸುಮಾರು 4 ಸೆಂಟಿಮೀಟರು. ಅದೇ ಬಲೆಯಲ್ಲಿರುವ ಗಂಡು ಅರ್ಧ ಸೆಂಟಿಮೀಟರಿನ ಆಸುಪಾಸು. ಇವೆರಡೂ ಒಂದೇ ಪ್ರಭೇದವೆಂದು ನೋಡಿದವರು ಯಾರು ತಾನೆ ನಂಬಿಯಾರು?

ತಜ್ಞರು ಸಾಮಾನ್ಯವಾಗಿ ಬೆಳೆದ ಜೇಡದ ಜನನಾಂಗದ ರಚನೆಯನ್ನು ನೋಡಿ ಅದರ ಪ್ರಭೇದವನ್ನು ನಿರ್ಣಯಿಸುತ್ತಾರೆ. ಮರಿಗಳಲ್ಲಿ ಆ ಅಂಗ ಪೂರ್ಣವಾಗಿ ರೂಪುಗೊಂಡಿರುವುದಿಲ್ಲ. ಆದುದರಿಂದ ಹಿಡಿದ ಜೇಡಗಳಲ್ಲಿ ಎಷ್ಟೋ ಹೆಸರಿಲ್ಲದೆ, ಲೆಕ್ಕಕ್ಕೂ ಸಿಗದೆ ಉಳಿದುಬಿಡುತ್ತವೆ.

2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ತೋರಿದರು. ಪ್ರಾಣಿಯ ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಇರುವ ಒಂದು ಜೀನಿನಿಂದ ಸುಮಾರು 650 ‘ಅಕ್ಷರ’ಗಳ ತುಣುಕನ್ನು ಓದುವುದೇ ಆ ದಾರಿ. ಅಂಗಡಿಯ ಸರಕಿನ ಮೇಲಿನ ಗೆರೆಗಳಂತೆ ಈ ತುಣುಕು ಪ್ರಭೇದದ ಗುರುತಾಗುವುದರಿಂದ ಇದಕ್ಕೆ ಡಿ.ಎನ್.ಎ. ಬಾರ್‌ಕೋಡ್ ಎಂದು ಹೆಸರು. ಜೇಡದ ಒಂದು ಕಾಲು ಸಿಕ್ಕರೂ ಸಾಕು! ಮರಿಯಾಗಲಿ, ಗಂಡಾಗಲಿ, ಹೆಣ್ಣಾಗಲಿ, ಒಂದೇ ಪ್ರಭೇದದ್ದಾದರೆ ಅಕ್ಷರಗಳ ಸಾಲು ಬಹುಮಟ್ಟಿಗೆ ಒಂದೇ.

ಆದರೆ ಹೋಲಿಸಿ ನೋಡಲು ಹೆಸರು ಗೊತ್ತಿರುವ ಜೇಡದ ಸಾಲು ಮೊದಲೇ ದಾಖಲಾಗಿರಬೇಕು. ಕೊಲ್ಲೂರಿನ ಕಾಡಿನ ಮರಿಜೇಡವೊಂದರ ಸಾಲು ಯಾವುದಕ್ಕೂ ಹೊಂದದಿದ್ದರೆ, ಅದು ಹೊಸ ಪ್ರಭೇದವೋ, ದಾಖಲೆಗೆ ಬಾರದ ಹಳೆಯದೋ ಎಂಬುದನ್ನು ಸೂಕ್ಷ್ಮದರ್ಶಕದ ಮುಂದೆ ಕುಳಿತ ತಜ್ಞರೇ ಹೇಳಬೇಕು.