ಮೊಳೆರೋಗ : ಹೆಸರೂ ಬಾಹ್ಯಾರ್ಶಸ್ಸಿನ ಲಕ್ಷಣವೂ

ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಅರ್ಶಸ್ಸೆನಿಸಿದ ವ್ಯಾಧಿಗೆ ಕನ್ನಡದಲ್ಲಿ ಮೂಲವ್ಯಾಧಿ, ಮೊಳೆರೋಗ ಎಂಬ ಹೆಸರುಗಳುಂಟು. ಅರಿಯಂತೆ ಹಿಂಸಿಸುವುದರಿಂದ ಅರ್ಶಸ್ಸೆಂಬುದು ವಾಗ್ಭಟನ ನಿರುಕ್ತಿ. ಅದರ ಗಂಟನ್ನು ಅವನು ಮಾಂಸಕೀಲವೆನ್ನುತ್ತಾನೆ. ಅಂಕುರವೆಂಬ ಮಾತೂ ಶಾಸ್ತ್ರದಲ್ಲಿ ಬಳಕೆಯಾಗಿದೆ. ಕೀಲವೂ ಅಂಕುರವೂ ಕನ್ನಡದಲ್ಲಿ ಮೊಳೆಯೇ. ಸಂಸ್ಕೃತದ ಎರಡು ಉಪಮಾನಗಳನ್ನೂ ದೇಶ್ಯಶಬ್ದವೊಂದೇ ಒಳಗೊಂಡಿರುವುದು ವಿಚಾರಾರ್ಹವು.

ಆದರೆ ಹೆಸರು ಒಂದೇ ಆದುದರಿಂದ ವ್ಯಾಧಿಯೂ ಒಂದೇ ಎಂದು ಜನರು ಭ್ರಮಿಸುವುದುಂಟು. ಸುಶ್ರುತನು ಗುದದಲ್ಲಿ ಪ್ರವಾಹಿಣೀ, ವಿಸರ್ಜನೀ, ಸಂವರಣೀ ಎಂಬ ಮೂರು ವಳಿಗಳನ್ನೆಣಿಸಿ, ಹೊರಗಣ ಮತ್ತು ನಡುವಣ ವಳಿಗಳಲ್ಲಿ ಹುಟ್ಟಿದವು ಚಿಕಿತ್ಸಾರ್ಹಗಳೆಂದೂ, ಒಳವಳಿಯಲ್ಲಿ ಹುಟ್ಟಿದವನ್ನು ಅಸಾಧ್ಯವೆಂದು ತಿಳಿಸಿಯೇ ಚಿಕಿತ್ಸಿಸಬೇಕೆಂದೂ ವಿಧಿಸಿದ್ದಾನೆ. ಆಧುನಿಕರು ಗುದನಾಳದೊಳಗಣ ಹಲ್ಲುಹಲ್ಲಾದ ರೇಖೆಯೊಂದನ್ನು ಎಲ್ಲೆಯಾಗಿಟ್ಟು, ಅದರ ಮೇಲಣದನ್ನು ಆಭ್ಯಂತರವೆಂದೂ ಕೆಳಗಣದನ್ನು ಬಾಹ್ಯವೆಂದೂ ವಿಭಾಗಿಸುವರು. ಈ ಎರಡು ವಿಭಾಗಗಳೂ ಸರ್ವಥಾ ಒಂದೇ ಅಲ್ಲ. ಹಳೇ ಹುಬ್ಬಳ್ಳಿಯ ಹೆಗ್ಗೇರಿಯಲ್ಲಿ ಆಯುರ್ವೇದ ಮಹಾವಿದ್ಯಾಲಯವೂ, ಅದೇ ನಗರದ ವಿದ್ಯಾನಗರದಲ್ಲಿ 1957ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜೂ ಇರುವುದರಿಂದ, ಅಲ್ಲಿಯ ರೋಗಿಗೆ ಎರಡು ಪರಿಭಾಷೆಗಳೂ ಎದುರಾಗುತ್ತವೆ. ಆದಕಾರಣ ಭೇದವನ್ನರಿಯುವುದು ಅವಶ್ಯಕವು.

ರೇಖೆಯ ಕೆಳಗಣ ಭಾಗವು ಚರ್ಮದಂತೆಯೇ ನೋವನ್ನರಿಯುವುದು. ಮೇಲಣ ಭಾಗವು ಅಷ್ಟಾಗಿ ಅರಿಯದು. ಆದುದರಿಂದ ಆಭ್ಯಂತರಾರ್ಶಸ್ಸು ಪ್ರಾಯಶಃ ನೋವಿಲ್ಲದೆ ರಕ್ತವನ್ನು ಸುರಿಸುವುದು. ಬಾಹ್ಯಾರ್ಶಸ್ಸಿನಲ್ಲಿಯಾದರೋ ತುರಿಕೆ, ಉರಿ, ಬಾವು ಮುಖ್ಯಗಳು. ಒಳಗೆ ರಕ್ತವು ಹೆಪ್ಪುಗಟ್ಟಿದರೆ ನೀಲವರ್ಣದ ಗಟ್ಟಿಯಾದ ಗಂಟೆದ್ದು ಕುಳಿತುಕೊಳ್ಳಲಾರದಷ್ಟು ನೋವಾಗುವುದು.

ನೋವು ತೀವ್ರವಾಗಿದ್ದು 72 ಗಂಟೆಗಳೊಳಗೆ ಬಂದ ರೋಗಿಗೆ ಶಸ್ತ್ರವೈದ್ಯರು ಆ ಭಾಗವನ್ನು ಮರಗಟ್ಟಿಸಿ ಗಂಟನ್ನು ತೆಗೆಯಬಹುದು. ಕಾಲವು ಮೀರಿದ್ದರೆ ದಿನಕ್ಕೆ ಎರಡು ಮೂರು ಬಾರಿ ಉಗುರುಬೆಚ್ಚನೆಯ ನೀರಿನಲ್ಲಿ 10–15 ನಿಮಿಷ ಕುಳ್ಳಿರಿಸುವುದೂ ಮಲವನ್ನು ಮೃದುಗೊಳಿಸುವುದೂ ಸಾಕಾಗುವುದು. ಗಂಟು ಕೆಲವು ವಾರಗಳಲ್ಲಿ ಕರಗುವುದು. ಆಭ್ಯಂತರಾರ್ಶಸ್ಸಿಗೆ ಹಾಕುವ ರಬ್ಬರು ಬಳೆಯನ್ನು ಇಲ್ಲಿ ಹಾಕಿದರೆ ಅಸಹ್ಯವೇದನೆಯುಂಟಾಗುವುದು. ಪಥ್ಯದಲ್ಲಿ ನಾರುಳ್ಳ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಸಾಕಷ್ಟು ನೀರು ಹಿತವು. ವಾತಕಫಜವಾದ ಅರ್ಶಸ್ಸಿಗೆ ಮಜ್ಜಿಗೆಗಿಂತ ಮಿಗಿಲಾದ ಔಷಧವಿಲ್ಲವೆಂಬುದು ಚರಕಮತ. ಅಮರಕೋಶದಲ್ಲಿ ಸುವರ್ಣಗೆಡ್ಡೆಗೆ ಅರ್ಶೋಘ್ನವೆಂಬ ಹೆಸರೇ ಉಂಟು.

ಸುಶ್ರುತನು ಹೇಳಿದ ಉಪಾಯಗಳು ಭೇಷಜ, ಕ್ಷಾರ, ಅಗ್ನಿ, ಶಸ್ತ್ರಗಳೆಂದು ನಾಲ್ಕು. ಇವುಗಳಲ್ಲಿ ಕಡೆಯ ಮೂರೂ ತಪ್ಪಿದರೆ ಬಾವು, ದಾರುಣಶೂಲೆ, ಅತಿರಕ್ತಸ್ರಾವ, ಮರಣವೂ ಸಂಭವಿಸಬಹುದೆಂದು ಚರಕಸಂಹಿತೆಯು ಎಚ್ಚರಿಸುತ್ತದೆ. ಲಜ್ಜೆಯಿಂದ ರೋಗವನ್ನು ಮರೆಮಾಡಿ, ಶಾಸ್ತ್ರವರಿಯದವರಿಂದ ಕ್ಷಾರವನ್ನು ಹಚ್ಚಿಸಿಕೊಳ್ಳುವವರಿಗೆ ಈ ಎಚ್ಚರಿಕೆಯು ಇಂದಿಗೂ ಸಲ್ಲುವುದು. ರಕ್ತವು ಕಂಡೊಡನೆ ಮೊಳೆರೋಗವೆಂದೇ ನಿಶ್ಚಯಿಸುವುದೂ ಯುಕ್ತವಲ್ಲ. ಕರುಳಿನ ಅರ್ಬುದವೂ ಇದೇ ಚಿಹ್ನೆಯಿಂದ ತೋರಬಹುದಾದುದರಿಂದ, ಮೊದಲು ಪರೀಕ್ಷೆ, ಆಮೇಲೆ ಹೆಸರು ಎಂಬುದೇ ಕ್ರಮವು.